ಮಿಲ್ಲಿನ ಹೊಂಡದ ಮೊಸಳೆ

ಹರಿಹರದ ಹಳೇ ಮಿಲ್ಲಿನ ಹೊಂಡದಲ್ಲಿ ಮೊಸಳೆ ಹುಟ್ಟಿದ್ದು ಆಷಾಢದ ಒಂದು ಮಂಗಳವಾರ, ಬೆಳಿಗ್ಗೆ ಏಳೂಕಾಲಿಗೆ, ನೀಲಿ ಇಂಕಿನಲ್ಲಿ. ಹುಟ್ಟಿಸಿದವರು ಪರಮೇಶ್ವರಪ್ಪನವರು. ಅವರಿಗೆ ಆಗ ಅರವತ್ತೆರಡು ವಯಸ್ಸು. ಅಲ್ಲಿಯವರೆಗೆ ಅವರು ಯಾರಿಗೂ ಕೇಡು ಬಗೆದವರಲ್ಲ. ಮೊಸಳೆಯನ್ನಂತೂ ಕ್ಯಾಲೆಂಡರಿನಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿದವರಲ್ಲ.

ಆ ಮಿಲ್ಲು ಒಂದು ಕಾಲಕ್ಕೆ ಮೂರು ಪಾಳಿಯಲ್ಲಿ ನೂಲು ತೆಗೆಯುತ್ತಿತ್ತು. ಅದು ಬಾಗಿಲು ಹಾಕಿ ಇಪ್ಪತ್ತಾರು ವರ್ಷವಾಗಿತ್ತು. ಮಷಿನ್ನುಗಳು ಗುಜರಿಗೆ ಹೋದವು, ಮಾಡಿನ ತಗಡು ಗಾಳಿಗೆ ಹೋಯಿತು. ಉಳಿದದ್ದು ಒಂದು ಚಿಮಣಿ, ಒಂದಷ್ಟು ಮೋಟುಗೋಡೆ, ಮತ್ತೆ ಹೊಳೆಯಿಂದ ಮೋರಿ ಕಟ್ಟಿ ನೀರು ತಂದು ನಿಲ್ಲಿಸುತ್ತಿದ್ದ ಎರಡೆಕರೆ ಹೊಂಡ. ಮನುಷ್ಯರು ಬಿಟ್ಟ ಜಾಗಕ್ಕೆ ಮೊದಲು ಜಾಲಿ ಬಂತು, ಆಮೇಲೆ ಹೊಂಗೆ, ಬೇವು. ಹೊಂಡದ ತುಂಬ ತಾವರೆ ಹಬ್ಬಿತು, ತಾವರೆಯ ಹಿಂದೆ ಹಕ್ಕಿಗಳು ಬಂದವು. ಎಲ್ಲಕ್ಕಿಂತ ಕೊನೆಗೆ ಸರ್ಕಾರ ಬಂತು. ಜಾಗಕ್ಕೆ 'ನಗರ ನಿಸರ್ಗಧಾಮ' ಅಂತ ಹೆಸರಿಟ್ಟು, ತಾವಾಗಿಯೇ ಬೆಳೆದು ನಿಂತಿದ್ದ ಗಿಡಗಳಿಗೆಲ್ಲ ತಗಡಿನ ಚೀಟಿ ಹೊಡೆದು, ನೋಡಿಕೊಳ್ಳಲು ಊರಿನವರದೇ ಒಂದು ಸಮಿತಿ ಮಾಡಿತು. ಗೇಟಿನ ಹತ್ತಿರ ನಿಂತು ಬಂದವರಿಗೆ ದಾರಿ ತೋರಿಸಲು ಇಬ್ಬರು 'ನಿಸರ್ಗ ಮಿತ್ರ'ರನ್ನೂ ನೇಮಿಸಿತು. ಸಂಬಳವಿಲ್ಲ, ಹಸಿರು ಟೋಪಿ, ಒಂದು ಸೀಟಿ.

ಒಬ್ಬ ಮಿತ್ರ ಪರಮೇಶ್ವರಪ್ಪನವರು. ಇನ್ನೊಬ್ಬ ಹಿದಾಯತ್. ಇಬ್ಬರೂ ಅದೇ ಮಿಲ್ಲಿನಲ್ಲಿ ದುಡಿದವರು. ಹಿದಾಯತ್ ಫಿಟ್ಟರ್ ಆಗಿದ್ದವನು, ಈಗ ಮಿಕ್ಸಿ ರಿಪೇರಿ ಅಂಗಡಿ ಇಟ್ಟಿದ್ದ. ಪರಮೇಶ್ವರಪ್ಪನವರು ಟೈಮ್ ಆಫೀಸಿನ ಗುಮಾಸ್ತರು. ಟೈಮ್ ಆಫೀಸಿನ ಧರ್ಮ ಬೇರೆಯದು. ಅಲ್ಲಿ ಪುಸ್ತಕದಲ್ಲಿ ಬರೆದರೆ ಆಳು ಬಂದಿದ್ದಾನೆ, ಬರೆಯದಿದ್ದರೆ ಎದುರಿಗೇ ನಿಂತಿದ್ದರೂ ಬಂದಿಲ್ಲ. ಇಂಕಿನಲ್ಲಿ ಬರೆದದ್ದನ್ನು ಅಳಿಸಬಾರದು, ಹೊಡೆದುಹಾಕುವುದಾದರೆ ಪಕ್ಕದಲ್ಲಿ ಮೇಲಿನವರ ಸಹಿ ಬೇಕು. ಈ ಎರಡು ನಿಯಮ ಪಾಲಿಸಿಕೊಂಡು ಅವರು ಮಾನದಿಂದ ಬದುಕಿದ್ದರು.

ಕೆಟ್ಟದ್ದು ಹಿದಾಯತನ ಫೋಟೋದಿಂದ. ಹೊಂಡದ ತಾವರೆ ಎಲೆಯ ಮೇಲೆ ಉದ್ದ ಬಾಲದ ದೇವನಕ್ಕಿ ನಿಂತಿದ್ದನ್ನು ಅವನು ಮೊಬೈಲಿನಲ್ಲಿ ಹಿಡಿದ. ಅದು ಪೇಪರಿನಲ್ಲಿ ಬಂತು, ಪಕ್ಕದಲ್ಲಿ ಹಸಿರು ಟೋಪಿ ಹಾಕಿದ ಹಿದಾಯತನ ಮುಖವೂ ಬಂತು. ಮರುದಿನದಿಂದ ಚಾದಂಗಡಿಯಲ್ಲಿ ಅವನಿಗೆ 'ಹಕ್ಕಿ ಸಾಬ್ರು' ಅಂತ ಹೆಸರಾಯಿತು. ಇದನ್ನೂ ಪರಮೇಶ್ವರಪ್ಪನವರು ತಡೆದುಕೊಳ್ಳುತ್ತಿದ್ದರೋ ಏನೋ. ಆದರೆ ಅವರ ಹೆಂಡತಿ ಅಕ್ಕನಾಗಮ್ಮನವರು ರೊಟ್ಟಿ ಬಡಿಯುತ್ತಾ ಯಾವ ಕೆಟ್ಟ ಉದ್ದೇಶವೂ ಇಲ್ಲದೆ ಕೇಳಿದರು:

"ನೀವೂ ದಿನಾ ಅಲ್ಲೇ ಹೋಗ್ತೀರಲ್ಲ, ನಿಮಗ್ಯಾಕ ಏನೂ ಕಾಣಲ್ಲ?"

ಆ ಪ್ರಶ್ನೆಯನ್ನು ಹೊತ್ತುಕೊಂಡೇ ಅವರು ಮಂಗಳವಾರ ಹೊಂಡದ ದಂಡೆಗೆ ಬಂದದ್ದು. ಜಿಟಿಜಿಟಿ ಮಳೆ, ಕನ್ನಡಕದ ಮೇಲೆ ಹನಿ. ತಾವರೆಗಳ ನಡುವೆ ಕಪ್ಪಗೆ, ಉದ್ದಕ್ಕೆ, ಗಂಟುಗಂಟಾಗಿ ಏನೋ ತೇಲುತ್ತಿತ್ತು. ಓಡಿಹೋಗಿ ಗೇಟಿನ ಮೇಜಿನ ಮೇಲಿದ್ದ ವೀಕ್ಷಣಾ ಪುಸ್ತಕ ತೆರೆದು 'ಇಂದು ಕಂಡ ಜೀವಿ' ಅನ್ನುವ ಕಾಲಂನಲ್ಲಿ ಬರೆದರು: ಮೊಸಳೆ, ಒಂದು.

ಬರೆದ ಮೇಲೆ ಕನ್ನಡಕ ಒರೆಸಿಕೊಂಡು ಮತ್ತೆ ಹೋಗಿ ನೋಡಿದರೆ, ಮಿಲ್ಲಿನ ಮಷಿನ್ನಿನ ಹಳೇ ರಬ್ಬರ್ ಬೆಲ್ಟಿನ ತುಂಡು. ನೋಡನೋಡುತ್ತಿದ್ದಂತೆ ಅದು ಒಂದು ಕಡೆ ವಾಲಿ ಎಲೆಗಳ ಅಡಿಗೆ ಸರಿದುಹೋಯಿತು.

ಬೇರೆ ಯಾರಾದರೂ ಆಗಿದ್ದರೆ ಆ ಸಾಲಿನ ಮೇಲೆ ಗೀಟು ಎಳೆದು ಮನೆಗೆ ಹೋಗುತ್ತಿದ್ದರು. ಪರಮೇಶ್ವರಪ್ಪನವರು ಟೈಮ್ ಆಫೀಸಿನವರು. ಮೇಲಿನವರ ಸಹಿ ಇಲ್ಲದೆ ಗೀಟು ಎಳೆಯುವುದು ಹೇಗೆ? ಅರಣ್ಯದ ಮೇಡಂ ಬಂದಾಗ ಹೇಳಿದರಾಯಿತು ಅಂತ ಕೂತರು.

ಮೇಡಂ ಅಂದರೆ ರೂಪಶ್ರೀ, ವಲಯ ಅರಣ್ಯಾಧಿಕಾರಿ. ಮೂವತ್ತು ದಾಟದ ಹುಡುಗಿ, ಆದರೆ ಕೇಳಿದ್ದನ್ನೆಲ್ಲ ಬರೆದುಕೊಳ್ಳುವ ಗಟ್ಟಿ ಅಭ್ಯಾಸದವರು. ಎಂಟೂವರೆಗೆ ಬಂದರು, ಪುಸ್ತಕ ನೋಡಿದರು, ಪೆನ್ನು ತೆಗೆದರು.

"ಇದು ನೀವು ಬರೆದದ್ದಾ ಸರ್?"

"ಹೌದು ಮೇಡಂ. ಅದೇನಾತಂದ್ರೆ..."

"ಎಷ್ಟು ಉದ್ದ ಇತ್ತು?"

ಪರಮೇಶ್ವರಪ್ಪನವರು ಬೆಲ್ಟನ್ನು ನೆನೆಸಿಕೊಂಡರು. "ಏಳು ಅಡಿ ಇರಬೌದು."

"ಬಣ್ಣ?"

"ಕಪ್ಪು."

"ಬಾಯಿ ತೆರೆದಿತ್ತಾ?"

"ಬಾಯಿ ನನಗೆ ಕಾಣ್ಲಿಲ್ಲ ಮೇಡಂ."

ರೂಪಶ್ರೀ 'ಬಾಯಿ ಮುಚ್ಚಿತ್ತು' ಅಂತ ಬರೆದುಕೊಂಡರು. "ಚಲನೆ?"

"ಗಾಳಿ ಹೆಂಗೆ ಬೀಸ್ತೋ ಹಂಗೆ ಹೋತು."

"ಮನುಷ್ಯರನ್ನ ಕಂಡು ಹೆದರಲಿಲ್ಲ?"

"ಹೆದರಿದಂಗೆ ಕಾಣ್ಲಿಲ್ಲ."

ಮೇಡಂ ಪೆನ್ನು ಮುಚ್ಚಿದರು. "ಹೊಳೆಯಲ್ಲಿ ಮೊಸಳೆ ಇರೋದು ಎಲ್ಲರಿಗೂ ಗೊತ್ತು. ಮಳೆ ನೀರಿಗೆ ಮೋರಿಯಿಂದ ಒಳಗೆ ಬಂದಿರಬೇಕು. ನಿಮ್ಮಷ್ಟು ಕ್ರಮವಾಗಿ, ಉತ್ಪ್ರೇಕ್ಷೆ ಇಲ್ಲದೆ ಹೇಳಿದವರನ್ನ ನಾನು ನೋಡಿಲ್ಲ ಸರ್. ಥ್ಯಾಂಕ್ಸ್."

ಇಪ್ಪತ್ತಾರು ವರ್ಷದಿಂದ ಪರಮೇಶ್ವರಪ್ಪನವರಿಗೆ ಯಾವ ಅಧಿಕಾರಿಯೂ ಥ್ಯಾಂಕ್ಸ್ ಹೇಳಿರಲಿಲ್ಲ. ಅವರ ಬಾಯಿಯೂ ಮುಚ್ಚಿತು. ಮಧ್ಯಾಹ್ನದೊಳಗೆ ಹೊಂಡದ ದಂಡೆಯಲ್ಲಿ ಹಳದಿ ಬೋರ್ಡು ಎದ್ದಿತು: ಎಚ್ಚರಿಕೆ, ಮೊಸಳೆ ಇದೆ, ನೀರಿಗೆ ಇಳಿಯಬೇಡಿ.

ಮನೆಗೆ ಬಂದರೆ ಅಕ್ಕನಾಗಮ್ಮನವರು ಬಾಗಿಲಲ್ಲೇ ನಿಂತಿದ್ದರು. ಒಳಗೆ ಮಂಡಕ್ಕಿ ಒಗ್ಗರಣೆಯ ಘಮ. ಓಣಿಯ ನಾಲ್ಕು ಹೆಂಗಸರು ಚಾಪೆ ಮೇಲೆ ಕೂತು ಅವರ ದಾರಿ ಕಾಯುತ್ತಿದ್ದರು.

"ಕೂಡ್ರಿ, ಮೊದ್ಲು ಕೂಡ್ರಿ. ಅದು ನಿಮ್ಮನ್ನ ನೋಡ್ತೇನ್ರೀ?"

ಪರಮೇಶ್ವರಪ್ಪನವರು ಹೆಂಡತಿಯ ಮುಖ ನೋಡಿದರು. ಮದುವೆಯಾದ ಹೊಸದರಲ್ಲಿ ಒಂದೆರಡು ಸಲ ಬಿಟ್ಟರೆ ಆ ಮುಖ ತಮ್ಮ ಕಡೆ ಹಾಗೆ ಅರಳಿದ್ದನ್ನು ಅವರು ಕಂಡಿರಲಿಲ್ಲ.

"ನೋಡ್ತು," ಅಂದರು. "ಕಣ್ಣಿಗೆ ಕಣ್ಣಿಟ್ಟು ನೋಡ್ತು."

ಇಲ್ಲಿ ಒಂದು ಮಾತು ಹೇಳಬೇಕು. ಮೇಡಂಗೆ ಹೇಳಿದ್ದೆಲ್ಲ ಬೆಲ್ಟಿನ ಮಟ್ಟಿಗಾದರೂ ನಿಜವಾಗಿತ್ತು. ಹೆಂಡತಿಗೆ ಹೇಳಿದ್ದು ಬೆಲ್ಟಿನ ಮಟ್ಟಿಗೂ ಸುಳ್ಳು. ಆ ವ್ಯತ್ಯಾಸ ಪರಮೇಶ್ವರಪ್ಪನವರಿಗೆ ಗೊತ್ತಿತ್ತು. ಮಂಡಕ್ಕಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

ಮುಂದಿನ ಎಂಟು ದಿನದಲ್ಲಿ ಮೊಸಳೆ ಅವರ ಕೈಮೀರಿ ಬೆಳೆಯಿತು. ವಾಕಿಂಗ್ ಬರುವ ನಿವೃತ್ತ ಮೇಷ್ಟ್ರೊಬ್ಬರು ಅದರ ಬಾಲ ಕಂಡರು. ಬಟ್ಟೆ ಒಗೆಯಲು ಬರುತ್ತಿದ್ದ ಮೂವರು ಹೆಂಗಸರು ಅದರ ಉಸಿರು ಕೇಳಿದರು. ದಾವಣಗೆರೆ ಬಸ್ಸಿನ ಕಂಡಕ್ಟರ್ ಓಡುವ ಬಸ್ಸಿನಿಂದಲೇ ಹಲ್ಲು ಎಣಿಸಿದ. ರೂಪಶ್ರೀ ಒಬ್ಬೊಬ್ಬರನ್ನೂ ಕೂರಿಸಿ ಹೇಳಿಕೆ ಬರೆಸಿಕೊಂಡು ಸಹಿ ಹಾಕಿಸಿಕೊಂಡರು. ಪರಮೇಶ್ವರಪ್ಪನವರದನ್ನು ಬಿಟ್ಟು ಹನ್ನೊಂದು ಹೇಳಿಕೆ ಆಯಿತು. ಹನ್ನೊಂದನೆಯದು ಪರಮೇಶ್ವರಪ್ಪನವರ ಪಕ್ಕದ ಮನೆಯ ಹಜೀರಾಬೀಯದು. ಆಕೆಯ ಕರಿ ಆಡು ಹೊಂಡದ ಕಡೆ ಮೇಯಲು ಹೋದದ್ದು ವಾಪಸ್ ಬಂದಿರಲಿಲ್ಲ. ಮೊಸಳೆ ಆಡನ್ನು ಎಳೆದುಕೊಂಡು ಹೋದದ್ದನ್ನು ತಾನು ಕಣ್ಣಾರೆ ಕಂಡೆ ಅಂತ ಆಕೆ ಅತ್ತ ಅಳು ಎಂಥವರ ಕರುಳನ್ನೂ ಕಿವುಚುವಂತಿತ್ತು. ಪಂಚನಾಮೆ ಆಯಿತು. ಆಡು ಸತ್ತಿದೆ, ಪರಿಹಾರ ಕೊಡಬೇಕು ಅಂತ ದಾಖಲಾಯಿತು.

ಪಂಚನಾಮೆಯಾದ ಮೂರನೇ ದಿನ ಪರಮೇಶ್ವರಪ್ಪನವರು ಹಾಲು ತರಲು ಹೊರಟಾಗ ಹಜೀರಾಬೀಯ ಮನೆ ಮುಂದೆ ಆಟೋ ನಿಂತಿತ್ತು. ಆಟೋದ ಸೀಟಿನ ಮೇಲೆ ಕರಿ ಆಡು, ಕೊರಳಲ್ಲಿ ಅರ್ಧ ಹಗ್ಗ. ಹಜೀರಾಬೀ ಅದರ ಮೇಲೆ ದುಪ್ಪಟಿ ಹೊದಿಸುತ್ತಿದ್ದಳು. ಇಬ್ಬರೂ ಮುಖ ಮುಖ ನೋಡಿಕೊಂಡರು.

"ಬಾತಿ ಊರಿಗೆ ಕಳಿಸ್ತಾ ಇದೀನಿ, ನನ್ನ ತಂಗಿ ಮನೀಗೆ," ಅಂದಳು ಹಜೀರಾಬೀ. "ಕಾಗದದಾಗೆ ಸತ್ತೈತಲ್ಲ, ಇಲ್ಲಿ ಹೆಂಗೆ ಇಟ್ಕೊಳ್ಲಿ."

ಪರಮೇಶ್ವರಪ್ಪನವರು ಏನೋ ಹೇಳಲು ಹೋದರು.

"ಪರ್ಮೇಶಣ್ಣ, ನೀನು ಕಂಡಿದ್ದು ನೀನು ಕಂಡಿ, ನಾನು ಕಂಡಿದ್ದು ನಾನು ಕಂಡೆ. ಇಬ್ರೂ ಸುಮ್ನಿರಾಣ," ಅಂತ ಆಕೆ ಆಟೋದವನಿಗೆ ಕೈ ಮಾಡಿದಳು.

ಹೀಗೆಯೇ ನಡೆದುಕೊಂಡು ಹೋಗಿದ್ದರೆ ಮೊಸಳೆ ತಾನಾಗಿಯೇ ಮುದಿಯಾಗಿ ಸಾಯುತ್ತಿತ್ತೋ ಏನೋ. ಆದರೆ ಭಾನುವಾರ ನಿಸರ್ಗಧಾಮದ ಉದ್ಘಾಟನೆ ನಿಗದಿಯಾಗಿತ್ತು. ಸಮಿತಿಯ ಕಾರ್ಯದರ್ಶಿ ರಾಜಕುಮಾರ್ ಹಾರ್ಡ್‌ವೇರ್ ಅಂಗಡಿಯ ಮಾಲೀಕರು. ಶಾಮಿಯಾನ, ಕುರ್ಚಿ, ಹಾರ ಎಲ್ಲ ಹೇಳಿಯಾಗಿತ್ತು. ವೇದಿಕೆ ಹೊಂಡದ ದಂಡೆಯಲ್ಲೇ. ಬುಧವಾರ ಅವರು ಸಮಿತಿ ಸೇರಿಸಿ, ಬೋನು ಇಡಲು ನೀರು ತಗ್ಗಿಸಬೇಕು ಅಂತ ಮೇಡಂ ಹೇಳಿದ್ದಾರೆ, ತಗ್ಗಿಸುವುದು ಯಾಕೆ, ಪೂರಾ ಖಾಲಿ ಮಾಡಿಬಿಡೋಣ, ಶುಕ್ರವಾರ ಬೆಳಿಗ್ಗೆ ಪಂಪು ಹಚ್ಚಿಸಿದರೆ ಶನಿವಾರ ಮೊಸಳೆ ಕೈಗೆ ಸಿಗುತ್ತದೆ ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಪರಮೇಶ್ವರಪ್ಪನವರ ಕೈಗಳೂ ತಟ್ಟಿದವು, ಅಭ್ಯಾಸಬಲದಿಂದ.

ಸಭೆ ಮುಗಿದ ಮೇಲೆ ಹಿದಾಯತ್ ಅವರನ್ನು ಚಿಮಣಿಯ ಹಿಂದೆ ಕರೆದುಕೊಂಡು ಹೋದ. ಮೊಬೈಲು ತೆಗೆದು ತೋರಿಸಿದ. ತಾವರೆ ಎಲೆಯ ಮೇಲೆ ನಾಲ್ಕೆಳೆ ಹುಲ್ಲು, ಹುಲ್ಲಿನ ಮೇಲೆ ಗೋಲಿಯಂತೆ ಹೊಳೆಯುವ ನಾಲ್ಕು ಮೊಟ್ಟೆ.

"ದೇವನಕ್ಕಿದು. ಗಂಡೇ ಕಾವಿಗೆ ಕೂರ್ತೈತೆ. ಹೆಣ್ಣು ಮೊಟ್ಟೆ ಇಟ್ಟು ಹೋದ್ರೆ ಮುಗೀತು. ಇನ್ನು ಹತ್ತು ದಿನಕ್ಕೆ ಮರಿ ಆಗ್ತಾವೆ. ನೀರು ಇಳಿದ್ರೆ ಎಲೆ ಕೆಸರಿಗೆ ಕೂರ್ತೈತೆ, ನಾಯಿ ಬಂದು ತಿಂತಾವೆ." ಹಿದಾಯತ್ ಮೊಬೈಲು ಜೇಬಿಗಿಟ್ಟ. "ಪರಮೇಶಣ್ಣ, ಹದಿನಾರು ವರ್ಷ ಒಂದೇ ಗೇಟಿನಾಗೆ ಬಂದೀವಿ. ಒಂದೇ ಮಾತು ಕೇಳ್ತೀನಿ. ಮೊಸಳೆ ಐತೋ ಇಲ್ಲೋ?"

ಪರಮೇಶ್ವರಪ್ಪನವರು ಚಿಮಣಿಯ ಇಟ್ಟಿಗೆಯನ್ನು ಉಗುರಿನಿಂದ ಕೆರೆದರು. "ಬೆಲ್ಟು," ಅಂದರು.

ಹಿದಾಯತ್ ಹೊಂಡದ ಕಡೆ ನೋಡಿದ. "ಯಾವ ಬೆಲ್ಟು?"

"ನಿಮ್ಮ ಫಿಟ್ಟರ್ ಖಾತೇದೇ ಇರ್ಬೇಕು. ನಾಲ್ಕಿಂಚಿಂದು."

"ನನಗೆ ಹೇಳಿ ಏನು ಪ್ರಯೋಜನ? ಅವರಿಗೆ ಹೇಳು."

ಹೇಳಲು ಹೊರಟರು. ಸುಳ್ಳು ಹೇಳುವಾಗ ಊರೇ ಕಿವಿಯಾಗಿತ್ತು; ನಿಜ ಹೇಳಲು ಹೊರಟರೆ ಒಬ್ಬರೂ ಕೇಳುವವರಿಲ್ಲ. ರಾಜಕುಮಾರ್ ಅಂಗಡಿಯಲ್ಲಿ ಮೊಳೆ ತೂಗುತ್ತಾ ಎಲ್ಲ ಕೇಳಿಸಿಕೊಂಡು, ತಕ್ಕಡಿ ಕೆಳಗಿಟ್ಟು ಅವರ ಹೆಗಲ ಮೇಲೆ ಕೈ ಹಾಕಿದರು.

"ಯಾರು ಹೆದರ್ಸಿದ್ರು ನಿಮ್ಮನ್ನ? ಹೇಳ್ರಿ, ನಾನಿದೀನಿ. ಹಿದಾಯತಾ? ಅವನಿಗೆ ಮೊದ್ಲಿಂದ ಹಕ್ಕಿ ಹುಚ್ಚು. ಮೊಸಳೆ ಬಂದ ಮೇಲೆ ಅವನ ಹಕ್ಕಿನ ಯಾರೂ ಕೇಳ್ತಿಲ್ಲ, ಅದಕ್ಕೇ ಹೊಟ್ಟೆಕಿಚ್ಚು."

"ಇಲ್ಲ ರಾಜಣ್ಣ, ನಾನೇ ತಪ್ಪು ನೋಡಿ ಬರೆದೆ..."

"ನೀವು ತಪ್ಪು ನೋಡಿದ್ರಿ, ಸರಿ. ಮೇಷ್ಟ್ರು ತಪ್ಪು ನೋಡಿದ್ರಾ? ಆಡು ತಪ್ಪು ಸತ್ತೈತಾ?"

ಆಡಿನ ವಿಷಯ ಬಂದಕೂಡಲೆ ಪರಮೇಶ್ವರಪ್ಪನವರು ಅಂಗಡಿಯ ಮೆಟ್ಟಿಲಿಳಿದರು. ಮೇಡಂಗೆ ಫೋನು ಮಾಡಿದರು. ಅವರು ಮೀಟಿಂಗಿನಲ್ಲಿದ್ದರು; ಏನಿದ್ದರೂ ಬರೆದು ಆಫೀಸಿಗೆ ಕೊಡಿ ಅಂದರು. ಗುರುವಾರ ಪರಮೇಶ್ವರಪ್ಪನವರು ಒಂದು ಹಾಳೆಯಲ್ಲಿ ಎಲ್ಲವನ್ನೂ ಬರೆದು, ಬಸ್ಸು ಹತ್ತಿ ದಾವಣಗೆರೆಗೆ ಹೋದರು. ಮೇಡಂ ಅಷ್ಟರಲ್ಲಿ ಕೊಂಡಜ್ಜಿ ಕಾಡಿನ ಕಡೆ ಹೋಗಿದ್ದರು. ಕಿಟಕಿಯ ಆಚೆ ಶಿವಕುಮಾರ ಅನ್ನುವ ಗುಮಾಸ್ತ ಅರ್ಜಿಯನ್ನು ಎರಡು ಸಲ ಓದಿದ.

"ಯಜಮಾನ್ರೇ, ಪ್ರಾಣಿ ಐತೆ ಅನ್ನೋಕೆ ನಮ್ಮ ಹತ್ರ ಫಾರಂ ಐತೆ. ಗಾಯಗೊಂಡೈತೆ ಅನ್ನೋಕೆ ಐತೆ, ಸತ್ತೈತೆ ಅನ್ನೋಕೂ ಐತೆ. ಇಲ್ಲವೇ ಇಲ್ಲ ಅನ್ನೋಕೆ ಯಾವ ಫಾರಂ ಕೊಡ್ಲಿ?"

"ಬಿಳಿ ಹಾಳೇನೇ ತಗೋರಿ ಸ್ವಾಮಿ. ನಾಳೆ ಬೆಳಿಗ್ಗೆ ಪಂಪು ಹಚ್ತಾರೆ."

"ತಗೋತೀನಿ," ಅಂದ ಶಿವಕುಮಾರ, ನಿಜವಾದ ಕನಿಕರದಿಂದ. "ಮೇಡಂ ಬೆಳಿಗ್ಗೆ ಬಂದಕೂಡ್ಲೆ ಟೇಬಲ್ ಮೇಲೆ ಇಡ್ತೀನಿ. ಆದ್ರೆ ಹನ್ನೊಂದು ಹೇಳಿಕೆ ಒಳಗಾವೆ. ನಿಮ್ಮದೊಂದು ಹಾಳೆ ಎಷ್ಟು ತೂಗ್ತೈತೋ ನಾನು ಹೇಳಲಾರೆ."

ಬರುವಾಗ ಬಸ್ಸಿನಲ್ಲಿ ಅದೇ ಕಂಡಕ್ಟರ್. ಟಿಕೆಟ್ ಕೊಡುತ್ತಾ, "ಹಲ್ಲು ಅರವತ್ತಾರು ಇದ್ವಲ್ಲ ಸಾರ್?" ಅಂತ ಕೇಳಿದ.

ಶುಕ್ರವಾರ ಏಳು ಗಂಟೆಗೆ ಪಂಪು ಬಾಡಿಗೆಗೆ ಕೊಡುವ ಶಬ್ಬೀರ್ ಎರಡು ಡೀಸೆಲ್ ಪಂಪುಗಳನ್ನು ಟ್ರ್ಯಾಕ್ಟರಿನಲ್ಲಿ ತಂದು ದಂಡೆಯಲ್ಲಿ ಇಳಿಸಿದ. ಊರಿನ ಅರ್ಧ ಜನ ಅಲ್ಲಿದ್ದರು. ಮೋಟುಗೋಡೆಗಳ ಮೇಲೆಲ್ಲ ಕೂತಿದ್ದರು. ರಾಜಕುಮಾರ್ ಬಿಳಿ ಪಂಚೆಯಲ್ಲಿ ಓಡಾಡುತ್ತಾ ಪೈಪು ಹಾಕಿಸುತ್ತಿದ್ದರು. ಹಿದಾಯತ್ ಒಬ್ಬನೇ ದೂರದ ಮೂಲೆಯಲ್ಲಿ ತಾವರೆಯ ಕಡೆ ನೋಡುತ್ತಾ ನಿಂತಿದ್ದ. ಅಲ್ಲಿ ಎಲೆಯ ಮೇಲೆ ಕಂದು ಮೈಯ, ಉದ್ದ ಬಾಲದ ಹಕ್ಕಿ ರೆಕ್ಕೆ ಅಗಲಿಸಿ ಮೊಟ್ಟೆಯ ಮೇಲೆ ಕೂತಿತ್ತು. ಅಷ್ಟು ಗದ್ದಲಕ್ಕೂ ಅದು ಏಳಲಿಲ್ಲ.

ಪರಮೇಶ್ವರಪ್ಪನವರು ಅದನ್ನು ನೋಡಿದರು. ಶಬ್ಬೀರ್ ಪಂಪಿನ ಹ್ಯಾಂಡಲ್ ಹಾಕುವುದನ್ನೂ ನೋಡಿದರು. ಚಪ್ಪಲಿ ಬಿಟ್ಟರು. ಟೋಪಿ ತೆಗೆದು ಚಪ್ಪಲಿಯ ಮೇಲಿಟ್ಟರು. ಪಂಚೆ ಎತ್ತಿ ಕಟ್ಟಿ, ಹಳದಿ ಬೋರ್ಡಿನ ಪಕ್ಕದಿಂದಲೇ ನೀರಿಗೆ ಇಳಿದರು.

ಮೊದಲು ಯಾರೂ ಗಮನಿಸಲಿಲ್ಲ. ನೀರು ಮೊಣಕಾಲಿಗೆ ಬಂದಾಗ ಒಬ್ಬ ಹೆಂಗಸು ಕಿರುಚಿದಳು. ಸೊಂಟಕ್ಕೆ ಬರುವ ಹೊತ್ತಿಗೆ ದಂಡೆಯ ಮೇಲೆ ಮಾತೇ ನಿಂತಿತ್ತು. ಎದೆಮಟ್ಟ ನೀರಿನಲ್ಲಿ ಪರಮೇಶ್ವರಪ್ಪನವರು ತಿರುಗಿ ನಿಂತರು. ಕೆಸರು ಪಾದವನ್ನು ಒಳಕ್ಕೆ ಎಳೆಯುತ್ತಿತ್ತು.

"ಇಲ್ಲಿ ಮೊಸಳೆ ಇಲ್ಲ," ಅಂದರು. ದನಿ ತಾವು ಅಂದುಕೊಂಡದ್ದಕ್ಕಿಂತ ಸಣ್ಣದಾಗಿ ಬಂತು. "ನಾನು ನೋಡಿದ್ದು ಹಳೇ ಬೆಲ್ಟು. ಮೊಸಳೆ ಅಂತ ಬರೆದೆ. ಆಮೇಲೆ ಹೇಳೋಕೆ ನಾಚ್ಕೆ ಆತು. ತಪ್ಪು ನಂದು. ನೀರು ಖಾಲಿ ಮಾಡಬ್ಯಾಡ್ರಿ."

ದಂಡೆಯ ಮೇಲೆ ಗುಜುಗುಜು ಎದ್ದಿತು. ಯಾರಿಗೂ ಅದು ತಪ್ಪೊಪ್ಪಿಗೆಯಾಗಿ ಕೇಳಿಸಲಿಲ್ಲ.

"ಭಯಕ್ಕೆ ತಲೆ ಕೆಟ್ಟೈತೆ," ಅಂದರು ಬಾಲ ಕಂಡಿದ್ದ ಮೇಷ್ಟ್ರು. "ಕಣ್ಣಿಗೆ ಕಣ್ಣಿಟ್ಟು ನೋಡಿತ್ತಲ್ಲ, ಅದರ ಪರಿಣಾಮ."

"ಮೊಸಳೆ ಇದ್ದಿದ್ರೆ ಇಷ್ಟೊತ್ತಿಗೆ ಹಿಡೀತಿರ್ಲಿಲ್ವಾ?" ಅಂತ ಯಾರೋ ಕೇಳಿದರು.

"ಯಾಕ ಹಿಡೀತೈತೆ," ಅಂದಳು ಹಜೀರಾಬೀ ತಡಮಾಡದೆ. "ಮೊನ್ನೆ ಮೊನ್ನೆ ನನ್ನ ಆಡು ತಿಂದೈತೆ. ಹೊಟ್ಟಿ ತುಂಬೈತೆ."

ಈ ಮಾತು ಎಲ್ಲರಿಗೂ ಸರಿ ಅನ್ನಿಸಿತು. ರಾಜಕುಮಾರ್ ಪಂಪಿನ ಕಡೆ ಕೈ ಬೀಸಿದರು. ಆದರೆ ಶಬ್ಬೀರ್ ಹ್ಯಾಂಡಲ್ ಬಿಟ್ಟು ಎದ್ದು ನಿಂತುಬಿಟ್ಟ. "ನೀರಾಗೆ ಮನುಷ್ಯ ಇದ್ರೆ ನಾನು ಪಂಪು ಹಚ್ಚಲ್ಲ. ಮೊದ್ಲು ಅವರು ಹೊರಗೆ ಬರ್ಲಿ."

ಆಗ ಪರಮೇಶ್ವರಪ್ಪನವರಿಗೆ ಒಂದು ವಿಷಯ ಹೊಳೆಯಿತು. ನಿಜ ಹೇಳುವುದರಿಂದ ಏನೂ ಆಗುವಂತಿಲ್ಲ, ನಿಂತಿರುವುದರಿಂದ ಆಗುತ್ತದೆ. ಮೇಡಂ ಬರುವ ತನಕ ನಿಂತರೆ ಸಾಕು. ಅವರು ನಿಂತರು.

ಕಾಲು ಗಂಟೆ ಕಳೆದಿರಬೇಕು, ಅವರ ಎಡಗಾಲಿನ ಮೀನಖಂಡಕ್ಕೆ ಏನೋ ತಾಗಿತು. ತಣ್ಣಗೆ, ಒರಟಾಗಿ. ತಾಗಿ, ನಿಂತು, ನಿಧಾನಕ್ಕೆ ಮೊಣಕಾಲಿನ ಹಿಂದಿನಿಂದ ಸುತ್ತಿಕೊಂಡು ಬಲಗಾಲಿನ ಕಡೆ ಸರಿಯಿತು. ಬೆಲ್ಟು ಅಂತ ಅಂದುಕೊಂಡರು. ಗಾಳಿ ಬೀಸುತ್ತಿರಲಿಲ್ಲ. ನೀರು ಅಲುಗುತ್ತಿರಲಿಲ್ಲ. ಬೆಲ್ಟು ತಾನಾಗಿ ಸರಿಯುವ ವಸ್ತುವಲ್ಲ. ಕೂಗಿದರೆ ಜನ ಮೊಸಳೆ ಅನ್ನುತ್ತಾರೆ. ಓಡಿದರೆ ಪಂಪು ಶುರುವಾಗುತ್ತದೆ. ಕಣ್ಣು ಮುಚ್ಚಿ ಹರಿಹರೇಶ್ವರನನ್ನು ನೆನೆದರು.

ಕಣ್ಣು ತೆರೆದರೆ ದಂಡೆಯ ಮೇಲೆ ಅಕ್ಕನಾಗಮ್ಮನವರು. ಹಣೆಯಲ್ಲಿ ಹೊಸ ವಿಭೂತಿ, ಕೈಯಲ್ಲಿ ಗುಡಿಯ ಪ್ರಸಾದ. ಯಾರೋ ಹೋಗಿ ಸುದ್ದಿ ಮುಟ್ಟಿಸಿದ್ದರು. ಓಡಿ ಬಂದು ಏದುಸಿರು ಬಿಡುತ್ತಿದ್ದರು.

"ಹೊರಗೆ ಬರ್ರಿ," ಅಂದರು.

"ಮೊಸಳೆ ಇಲ್ಲ ಕಣೆ, ಹೆದರಬ್ಯಾಡ."

"ಇಲ್ಲಾ ಅಂದ್ರೆ?"

"ಇರ್ಲೇ ಇಲ್ಲ."

ಅಕ್ಕನಾಗಮ್ಮನವರು ದಂಡೆಯ ಅಂಚಿಗೆ ಬಂದರು. "ಕಣ್ಣಿಗೆ ಕಣ್ಣಿಟ್ಟು ನೋಡ್ತು ಅಂದ್ರಿ ನನಗೆ."

ಪರಮೇಶ್ವರಪ್ಪನವರು ನೀರಿನ ಕಡೆ ಕಣ್ಣು ಇಳಿಸಿದರು.

"ಹತ್ತು ದಿನದಿಂದ ದಿನಾ ಗುಡಿಗೆ ಹೋಗ್ತಿದೀನಿ, ನಿಮಗೆ ಏನೂ ಆಗಬಾರ್ದು ಅಂತ. ಉರುಳುಸೇವೆ ಹೊತ್ಕೊಂಡೀನಿ. ಇಲ್ಲದ ಮೊಸಳೆಗೆ." ಅವರ ದನಿ ಏರಲಿಲ್ಲ. ಅದೇ ಕೆಟ್ಟದಾಗಿತ್ತು. ಪ್ರಸಾದದ ಪೊಟ್ಟಣವನ್ನು ಗಂಡನ ಟೋಪಿಯ ಮೇಲಿಟ್ಟು, ಹೊರಳಿ ಹೊರಟುಹೋದರು.

ಪರಮೇಶ್ವರಪ್ಪನವರಿಗೆ ಆಗ ನಿಜವಾಗಿಯೂ ಒಂದು ಮೊಸಳೆ ಬಂದು ತಮ್ಮನ್ನು ಎಳೆದುಕೊಂಡು ಹೋದರೆ ಚೆನ್ನಾಗಿತ್ತು ಅನ್ನಿಸಿತು.

ಹಿಂದೆ ನೀರು ಸದ್ದಾಯಿತು. ತಿರುಗಿದರೆ ಹಿದಾಯತ್. ಲುಂಗಿ ಎತ್ತಿ ಕಟ್ಟಿ, ಒಂದೊಂದೇ ಹೆಜ್ಜೆ ಹುಡುಕಿಕೊಂಡು ಬಂದು ಮೂರು ಮಾರು ದೂರದಲ್ಲಿ ನಿಂತ.

"ನೀನ್ಯಾಕೆ ಬಂದಿ?"

"ಒಬ್ಬ ನಿಂತ್ರೆ ಹುಚ್ಚು ಅಂತಾರೆ. ಇಬ್ರು ನಿಂತ್ರೆ ಏನೋ ಐತೆ ಅಂತಾರೆ." ಹಿದಾಯತ್ ಲುಂಗಿಯ ಗಂಟು ಬಿಗಿ ಮಾಡಿಕೊಂಡ. "ಇಲ್ಲ ಅಂತ ಗೊತ್ತಿದ್ರೂ ಕಾಲು ನಡುಗ್ತಾವೆ ನೋಡು. ಪರಮೇಶಣ್ಣ, ನಿನ್ನ ಕಾಲಿಗೆ ಏನಾದ್ರೂ ತಾಗ್ತೇನು?"

"ಇಲ್ಲ," ಅಂದರು ಪರಮೇಶ್ವರಪ್ಪನವರು. ಅದು ಆ ಹೊಂಡದ ವಿಷಯವಾಗಿ ಅವರು ಹೇಳಿದ ಕೊನೆಯ ಸುಳ್ಳು.

ಒಂದೂವರೆ ಗಂಟೆ ಇಬ್ಬರೂ ಹಾಗೇ ನಿಂತರು. ದಂಡೆಯ ಮೇಲೆ ಕಡ್ಲೆಕಾಯಿ ಮಾರುವವನು ಬಂದ, ಮಾರಿ ಮುಗಿಸಿ ಹೋದ. ರಾಜಕುಮಾರ್ ಮೊದಲು ಬೇಡಿಕೊಂಡರು, ಆಮೇಲೆ ಗದರಿದರು, ಕೊನೆಗೆ ಕುರ್ಚಿ ತರಿಸಿಕೊಂಡು ಕೂತರು. ಹತ್ತು ಗಂಟೆ ಹೊತ್ತಿಗೆ ಜೀಪು ಬಂತು. ರೂಪಶ್ರೀ ಇಳಿದರು. ಕೈಯಲ್ಲಿ ಪರಮೇಶ್ವರಪ್ಪನವರು ಬರೆದಿದ್ದ ಬಿಳಿ ಹಾಳೆ. ಹೊಂಡವನ್ನು ನೋಡಿದರು, ಪಂಪುಗಳನ್ನು ನೋಡಿದರು.

"ಖಾಲಿ ಮಾಡಿ ಅಂತ ಯಾರು ಹೇಳಿದ್ದು? ಒಂದು ಅಡಿ ತಗ್ಗಿಸಿದ್ರೆ ಬೋನು ಇಡಬಹುದಾ ನೋಡೋಣ ಅಂದಿದ್ದೆ."

ರಾಜಕುಮಾರ್ ಕುರ್ಚಿಯಿಂದ ಎದ್ದರು. "ಅಡಿ ಅಂದ್ರಿ ಮೇಡಂ. ನಾವು ಅಡಿವರೆಗೆ ಅಂತ ತಿಳ್ಕಂಡ್ವಿ."

ಹಿದಾಯತ್ ನೀರಿನಿಂದಲೇ ಗೂಡಿನ ಕಡೆ ಕೈ ತೋರಿಸಿದ. ರೂಪಶ್ರೀ ದುರ್ಬೀನು ಹಚ್ಚಿ ನೋಡಿ, ಪಂಪು ಟ್ರ್ಯಾಕ್ಟರಿಗೆ ಏರಿಸಲು ಹೇಳಿದರು. ಗೂಡು ಕಟ್ಟಿದ ಹಕ್ಕಿ ಇರುವಾಗ ನೀರು ಮುಟ್ಟುವಂತಿಲ್ಲ. ಮರಿ ಆಗುವ ತನಕ ವೇದಿಕೆ, ಮೈಕು ಯಾವುದೂ ದಂಡೆಗೆ ಬರುವಂತಿಲ್ಲ ಅಂದರು. ಆಮೇಲೆ ಮಿತ್ರರಿಬ್ಬರನ್ನೂ ಮೇಲಕ್ಕೆ ಕರೆದರು. ಪರಮೇಶ್ವರಪ್ಪನವರ ಬೆರಳುಗಳು ಒಣದ್ರಾಕ್ಷಿಯಂತೆ ಸುಕ್ಕಾಗಿದ್ದವು. ಮೇಡಂ ಅವರನ್ನು ಬೈಯಲಿಲ್ಲ.

"ನೀವು ಹೇಳಿಕೆ ವಾಪಸ್ ತಗೊಂಡಿದ್ದೀರಿ. ಸರಿ." ಜನರ ಕಡೆ ತಿರುಗಿದರು. "ಇನ್ನು ಹನ್ನೊಂದು ಜನ ಮೊಸಳೆ ಕಂಡಿದ್ದೇವೆ ಅಂತ ಸಹಿ ಹಾಕಿದ್ದೀರಿ. ಯಾರ್ಯಾರು ವಾಪಸ್ ತಗೋತೀರಿ?"

ಮೇಷ್ಟ್ರು ಚಿಮಣಿಯ ತುದಿ ನೋಡಿದರು. ಬಟ್ಟೆ ಒಗೆಯುವ ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಹಜೀರಾಬೀ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. ಒಂದು ಕೈಯೂ ಮೇಲೇಳಲಿಲ್ಲ.

"ಹಾಗಾದ್ರೆ ಬೋರ್ಡು ಇರಲಿ," ಅಂದರು ರೂಪಶ್ರೀ. ಅವರ ತುಟಿಯ ಮೂಲೆಯಲ್ಲಿ ನಗುವಿತ್ತೋ ಇಲ್ಲವೋ, ಪರಮೇಶ್ವರಪ್ಪನವರ ಕನ್ನಡಕದ ಮೇಲೆ ನೀರಿತ್ತು, ಕಾಣಲಿಲ್ಲ. "ಪುಸ್ತಕ ಇನ್ನು ಮೇಲೆ ಹಿದಾಯತ್ ಬರೀತಾರೆ. ಪರಮೇಶ್ವರಪ್ಪನವರೇ, ನೀವು ಬೋರ್ಡಿನ ಪಕ್ಕ ನಿಂತು ಯಾರೂ ನೀರಿಗೆ ಇಳಿಯದ ಹಾಗೆ ನೋಡ್ಕೊಳ್ಳಿ."

ಪುಸ್ತಕ ಕೈತಪ್ಪಿದ್ದು ಟೈಮ್ ಆಫೀಸಿನವರಿಗೆ ಸಣ್ಣ ಶಿಕ್ಷೆಯಲ್ಲ. ಆದರೂ ಅವರು ದಿನಾ ಹೋಗಿ ನಿಂತರು. ಬೋರ್ಡಿನ ಭಯಕ್ಕೆ ಹೊಂಡದಲ್ಲಿ ಲಾರಿ ತೊಳೆಯುವುದು ನಿಂತಿತು, ಬಲೆ ಹಾಕುವುದು ನಿಂತಿತು, ಕಸದ ಚೀಲ ಎಸೆಯುವುದೂ ನಿಂತಿತು. ಹತ್ತನೇ ದಿನ ನಾಲ್ಕರಲ್ಲಿ ಮೂರು ಮೊಟ್ಟೆ ಒಡೆದವು. ದೇವನಕ್ಕಿಯ ಮರಿಗಳು ಕಡ್ಡಿಯಂಥ ಕಾಲಿನಲ್ಲಿ ಎಲೆಯಿಂದ ಎಲೆಗೆ ಓಡುವುದನ್ನು ಹಿದಾಯತ್ ತೋರಿಸಿದಾಗ, ಪರಮೇಶ್ವರಪ್ಪನವರು ಕನ್ನಡಕವನ್ನು ಎರಡು ಸಲ ಒರೆಸಿ ನೋಡಿದರು.

ಮನೆಯಲ್ಲಿ ಮಾತ್ರ ಮಾತಿರಲಿಲ್ಲ. ಅಕ್ಕನಾಗಮ್ಮನವರು ಉರುಳುಸೇವೆ ಮಾಡಿ ಹರಕೆ ತೀರಿಸಿದರು, ಹೊತ್ತದ್ದು ಹೊತ್ತದ್ದೇ. ಹೊತ್ತಿಗೆ ಸರಿಯಾಗಿ ತಟ್ಟೆ ಇಡುತ್ತಿದ್ದರು, ಒಂದು ರೊಟ್ಟಿ ಹಾಕುತ್ತಿದ್ದರು, ಎದ್ದು ಹೋಗುತ್ತಿದ್ದರು. ಎರಡನೆಯದು ಬೇಕಾದರೆ ಪರಮೇಶ್ವರಪ್ಪನವರು ತಾವೇ ಬುಟ್ಟಿಯಿಂದ ತೆಗೆದುಕೊಳ್ಳಬೇಕು. ಹನ್ನೆರಡು ದಿನ ಹೀಗೇ ನಡೆಯಿತು.

ಹದಿಮೂರನೇ ದಿನ ಲೋಕಿಕೆರೆಯಿಂದ ಅಕ್ಕನಾಗಮ್ಮನವರ ತಂಗಿ ಶಾಂತವೀರಮ್ಮ ಗಂಡನ ಜೊತೆ ಬಂದಿಳಿದಳು. ಬುತ್ತಿ ಕಟ್ಟಿಕೊಂಡೇ ಬಂದಿದ್ದರು. ಊಟಕ್ಕೆ ಕೂರುತ್ತಲೇ ಶಾಂತವೀರಮ್ಮ ಕೇಳಿದಳು.

"ಭಾವಾರೇ, ಮೊಸಳೆ ತೋರಿಸ್ತೀರೇನು? ನಮ್ಮೂರಾಗೆಲ್ಲ ನಿಮ್ಮದೇ ಸುದ್ದಿ."

ಪರಮೇಶ್ವರಪ್ಪನವರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟರು. ಎಲ್ಲರ ಮುಂದೆ ಹೇಳಿ ಆಗಿದೆ, ಇನ್ನೊಮ್ಮೆ ಹೇಳುವುದರಲ್ಲಿ ಏನಿದೆ. ಗಂಟಲು ಸರಿಮಾಡಿಕೊಂಡರು.

"ಅದು ಹೋತು," ಅಂದರು ಅಕ್ಕನಾಗಮ್ಮನವರು.

ಪರಮೇಶ್ವರಪ್ಪನವರು ತಲೆಯೆತ್ತಿದರು. ಹೆಂಡತಿ ಅವರ ಕಡೆ ನೋಡದೆ ಪಲ್ಯ ಬಡಿಸುತ್ತಿದ್ದರು.

"ಎಲ್ಲಿಗೆ ಹೋತಕ್ಕ?"

"ಎಲ್ಲಿಗೆ ಅಂದ್ರೆ, ಹೊಳಿಗೆ. ಜನ ಅದನ್ನ ಕೊಲ್ಲೋಕೆ ಪಂಪು ತಂದಿದ್ರು. ಇವರು ಎದೆಮಟ ನೀರಾಗೆ ಎರಡು ತಾಸು ನಿಂತು, ಯಾರನ್ನೂ ಹತ್ರ ಬಿಡದೆ, ಮೋರಿ ದಾರಿಗೆ ಅದನ್ನ ಕಳಿಸಿಕೊಟ್ರು."

ಶಾಂತವೀರಮ್ಮನ ಗಂಡ ಬಾಯಲ್ಲಿದ್ದ ತುತ್ತು ಅಗಿಯುವುದನ್ನು ಮರೆತ. "ಹೌದೇನ್ರೀ ಅಣ್ಣಾರೇ?"

ಪರಮೇಶ್ವರಪ್ಪನವರು ಹೆಂಡತಿಯನ್ನು ನೋಡಿದರು. ಅಕ್ಕನಾಗಮ್ಮನವರು ಈಗ ಅವರನ್ನೇ ನೋಡುತ್ತಿದ್ದರು, ಕಣ್ಣಿಗೆ ಕಣ್ಣಿಟ್ಟು.

"ಅವರನ್ನೇನು ಕೇಳ್ತೀರಿ," ಅಂದರು. "ಅವರು ಸಂಕೋಚದ ಮನುಷ್ಯ."

ಅಷ್ಟು ಹೇಳಿ, ಕೇಳದೆಯೇ ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. ಪರಮೇಶ್ವರಪ್ಪನವರು ತಲೆ ತಗ್ಗಿಸಿ ಅದನ್ನು ಪೂರ್ತಿ ತಿಂದರು.